ಹಳೆಯ ಭಾವಚಿತ್ರಗಳಲ್ಲಿ ಕಾಣುವ ಉಡುಪನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ

ನಮ್ಮ ಹವ್ಯಾಸಿ ರಂಗತಂಡವು ಹದಿನೆಂಟನೆಯ ಶತಮಾನದ ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳಲ್ಲಿ ನಡೆಯುವ ನಾಟಕವೊಂದನ್ನು ಕೈಗೆತ್ತಿಕೊಂಡಿದ್ದು, ವಸ್ತ್ರವಿನ್ಯಾಸದ ಹೊಣೆ ನನ್ನದಾಗಿದೆ. ಆ ಕಾಲದ ತೈಲವರ್ಣದ ಭಾವಚಿತ್ರಗಳನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ. ರೇಷ್ಮೆಯ ಮಡಿಕೆಯ ಹೊಳಪನ್ನೂ ತೋಳಂಚಿನ ಲೇಸನ್ನೂ ಅಷ್ಟು ಶ್ರದ್ಧೆಯಿಂದ ಬಿಡಿಸಿರುವಾಗ ಅದೇ ಆಗಿನ ಫ್ಯಾಷನ್ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಒಂದೇ ದಶಕದ ಎರಡು ಚಿತ್ರಗಳ ಉಡುಪುಗಳು ಬೇರೆ ಬೇರೆ ಯುಗದವೆಂಬಂತೆ ಕಾಣುತ್ತಿವೆ. ಇವುಗಳನ್ನು ದಾಖಲೆಯೆಂದು ನಂಬಬಹುದೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1

ನಿಮ್ಮ ಸಂಶಯಕ್ಕೆ ಬಲವಾದ ಕಾರಣವಿದೆ. ಥಾಮಸ್ ಗೇನ್ಸ್‌ಬರೊ 1770ರ ಸುಮಾರಿಗೆ ಬರೆದ ‘ನೀಲಿ ಹುಡುಗ’ನನ್ನು ನೋಡಿ ವೇಷ ಹೊಲಿಸಿದರೆ ನಾಟಕದ ಕಾಲವೇ ಕೆಟ್ಟುಹೋಗುತ್ತದೆ, ಏಕೆಂದರೆ ಆ ನೀಲಿ ಸ್ಯಾಟಿನ್ ಅಂಗಿಯೂ ಅಗಲವಾದ ಲೇಸಿನ ಕೊರಳಪಟ್ಟಿಯೂ 1641ರಲ್ಲೇ ತೀರಿಕೊಂಡ ವಾನ್ ಡೈಕ್‌ನ ಚಿತ್ರಗಳನ್ನು ಅನುಸರಿಸಿದ ವೇಷ. ಹಾಗೆ ಪೂರ್ವಿಕರ ಕಾಲದ ಉಡುಪು ತೊಟ್ಟು ಚಿತ್ರ ಬರೆಸಿಕೊಳ್ಳುವುದು ಅಂದಿನ ಇಂಗ್ಲಿಷ್ ಶ್ರೀಮಂತರ ಶೋಕಿಯಾಗಿತ್ತು. ಜೋಶುವಾ ರೆನಾಲ್ಡ್ಸ್‌ನಂತೂ, ಚಾಲ್ತಿಯಲ್ಲಿರುವ ಉಡುಪು ಬೇಗ ಹಳತಾಗಿ ಚಿತ್ರದ ಘನತೆಯನ್ನು ಕುಂದಿಸುತ್ತದೆಂದು ವಾದಿಸಿ, ಹೆಂಗಸರಿಗೆ ಗ್ರೀಕ್ ಮತ್ತು ರೋಮನ್ ಶಿಲ್ಪಗಳನ್ನು ನೆನಪಿಸುವ ಸಡಿಲವಾದ ವಸ್ತ್ರವನ್ನು ಹೊದಿಸುತ್ತಿದ್ದನು.

ಇನ್ನೊಂದು ವಿಷಯ. 1749ರಲ್ಲಿ ನಿಧನನಾದ ಜೋಸೆಫ್ ವಾನ್ ಆಕೆನ್ ಎಂಬಾತನ ಕಸುಬೇ, ಲಂಡನ್ನಿನ ಬೇರೆ ಚಿತ್ರಕಾರರು ಮುಖ ಬರೆದು ಕಳುಹಿಸಿದ ಕ್ಯಾನ್ವಾಸಿನ ಮೇಲೆ ಉಡುಪನ್ನು ತುಂಬುವುದಾಗಿತ್ತು. ಆದ್ದರಿಂದ ಇಬ್ಬರು ಕಲಾವಿದರ ಚಿತ್ರಗಳಲ್ಲಿ ಒಂದೇ ಗೌನು ಕಂಡರೆ ಆಶ್ಚರ್ಯಪಡಬೇಕಿಲ್ಲ.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೂ ಭಾವಚಿತ್ರಗಳನ್ನು ಬದಿಗಿಡಬೇಡಿರೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಕೆಲವೊಮ್ಮೆ ಚಿತ್ರವೇ ಫ್ಯಾಷನ್ನಿನ ಜಗಳದ ಕಣವಾಗಿತ್ತು. 1783ರ ಪ್ಯಾರಿಸ್ ಸಲಾನ್ ಪ್ರದರ್ಶನದಲ್ಲಿ ಎಲಿಜಬೆತ್ ವಿಜೆ ಲೆ ಬ್ರೂನ್ ರಾಣಿ ಮೇರಿ ಆಂಟೋನೆಟ್‌ಳ ಚಿತ್ರವೊಂದನ್ನು ಇಟ್ಟಳು. ಅದರಲ್ಲಿ ರಾಣಿ ಆಭರಣವಿಲ್ಲದೆ, ಹುಲ್ಲಿನ ಟೋಪಿ ಧರಿಸಿ, ಸೊಂಟಕ್ಕೆ ತೆಳುವಾದ ಹೊಂಬಣ್ಣದ ಪಟ್ಟಿ ಬಿಗಿದ ಬಿಳಿ ಮಸ್ಲಿನ್ ಉಡುಪಿನಲ್ಲಿ ನಿಂತಿದ್ದಾಳೆ. ರಾಣಿಯನ್ನು ಒಳಉಡುಪಿನಲ್ಲಿ ತೋರಿಸಲಾಗಿದೆ ಎಂದು ಜನ ಕೆರಳಿದರು. ಭಾರತದಿಂದ ಹಡಗೇರಿ ಬರುವ ಬಟ್ಟೆಯ ಜಾತಿಯನ್ನು ಫ್ರಾನ್ಸಿನ ರಾಣಿ ಮೆರೆಸಿದರೆ ಲಿಯಾನ್‌ನ ರೇಷ್ಮೆ ನೇಕಾರರ ಹೊಟ್ಟೆಯ ಮೇಲೆ ಹೊಡೆದಂತೆ ಎಂಬ ದೂರೂ ಇತ್ತು. ಕೊನೆಗೆ ಚಿತ್ರವನ್ನು ಹಿಂತೆಗೆದು, ಅದೇ ಭಂಗಿಯಲ್ಲಿ, ಅದೇ ಗುಲಾಬಿಯೊಡನೆ, ನೀಲಿ ಛಾಯೆಯ ರೇಷ್ಮೆ ಗೌನು ಮತ್ತು ಮುತ್ತಿನ ಸರಗಳಿರುವ ಮತ್ತೊಂದನ್ನು ಇಡಬೇಕಾಯಿತು. ಅದು ಈಗ ವರ್ಸೈಲ್ಸ್ ಅರಮನೆಯಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಬಟ್ಟೆಯೊಂದು ಬದಲಾದಾಗ ಅದೇ ವ್ಯಕ್ತಿಯ ಅಂತಸ್ತು ಹೇಗೆ ಬದಲಾಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಆ ವಿವಾದದಿಂದ ಉಡುಪೇನೂ ಮೂಲೆ ಸೇರಲಿಲ್ಲ. 1784ರಲ್ಲಿ ಡೆವನ್‌ಶೈರ್‌ನ ಡಚೆಸ್ ಜಾರ್ಜಿಯಾನಾ, ಫ್ರಾನ್ಸಿನ ರಾಣಿಯೇ ಕೊಟ್ಟ ಇಂಥದೊಂದು ಮಸ್ಲಿನ್ ಉಡುಪನ್ನು ತೊಟ್ಟು ಇಂಗ್ಲೆಂಡಿನಲ್ಲಿ ಸಂಗೀತ ಕಚೇರಿಗೆ ಹೋಗಿದ್ದಳು. ನಿಮ್ಮ ನಾಟಕ ಎರಡೂ ದೇಶಗಳಲ್ಲಿ ನಡೆಯುವುದರಿಂದ ಈ ಉಡುಪು ನಿಮಗೆ ಅತ್ಯಂತ ಉಪಯುಕ್ತವಾಗಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಚಿತ್ರಕ್ಕಾಗಿ ತೊಟ್ಟ ವೇಷ ಯಾವುದು, ನಿಜವಾಗಿ ಉಡುತ್ತಿದ್ದುದು ಯಾವುದು ಎಂದು ಗುರುತಿಸಲು ಉಪಾಯವಿದೆಯೇ?

ಉತ್ತರ 1 ಬರೆದವರು

ತಲೆಗೂದಲನ್ನು ನೋಡಿ. ಮೈಮೇಲಿನ ವಸ್ತ್ರವನ್ನು ಚಿತ್ರಕಾರ ಕಲ್ಪಿಸಿದರೂ ಕೇಶವಿನ್ಯಾಸವನ್ನು ಬಿಟ್ಟುಕೊಡಲು ಹೆಂಗಸರು ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ. ರೆನಾಲ್ಡ್ಸ್ 1773ರಲ್ಲಿ ಬರೆದ ಮಾಂಟ್‌ಗಮರಿ ಸೋದರಿಯರ ಚಿತ್ರದಲ್ಲಿ ಮೂವರ ಉಡುಪೂ ಪ್ರಾಚೀನ ಶೈಲಿಯದಾಗಿದ್ದರೂ ಕೂದಲನ್ನು ಮಾತ್ರ ಆಗಿನ ಫ್ಯಾಷನ್ನಿನಂತೆ ಮೇಲೆತ್ತಿ ಕಟ್ಟಲಾಗಿದೆ. ಎರಡೂ ಹೊಂದದ ಕಡೆ ಉಡುಪನ್ನು ಬಿಟ್ಟು ಕೇಶವಿನ್ಯಾಸವನ್ನಷ್ಟೇ ತೆಗೆದುಕೊಳ್ಳಿ. ಫ್ರಾನ್ಸಿನ ದೃಶ್ಯಗಳಿಗೆ, 1778ರಿಂದ ಪ್ಯಾರಿಸ್ಸಿನಲ್ಲಿ ಅಚ್ಚಾಗುತ್ತಿದ್ದ ‘ಗ್ಯಾಲರಿ ದೆ ಮೋದ್’ನ ಫ್ಯಾಷನ್ ಚಿತ್ರಗಳೊಡನೆ ಹೋಲಿಸಿ ನೋಡಿದ ಮೇಲೆಯೇ ದರ್ಜಿಗೆ ಬಟ್ಟೆ ಕೊಡಿ.