ನೆಲಮಹಡಿಯ ಲೋಡ್ ಮೂರನೇ ಮಹಡಿಗೆ ಹೋದರೆ ಈಗಿರುವ ಫೀಡರ್ ಕೇಬಲ್ ಸಾಕಾಗುವುದೇ?

ಪ್ರಶ್ನೆ: ಕಟ್ಟಡ ನಿರ್ವಾಹಕ, ಮೈಸೂರು

ಮಾನ್ಯರೇ, ನಾನು ನೋಡಿಕೊಳ್ಳುತ್ತಿರುವ ವಾಣಿಜ್ಯ ಕಟ್ಟಡದ ನೆಲಮಹಡಿಯಲ್ಲಿರುವ ರಕ್ತಪರೀಕ್ಷಾ ಪ್ರಯೋಗಾಲಯವು ಮೂರನೇ ಮಹಡಿಗೆ ಸ್ಥಳಾಂತರಗೊಳ್ಳಲಿದೆ. ಆಟೋಕ್ಲೇವ್, ಫ್ರಿಜ್‌ಗಳು, ಎರಡು ಎ.ಸಿ., 10 ಕೆವಿಎ ಯುಪಿಎಸ್ ಎಲ್ಲವೂ ಸೇರಿ 28 ಕಿಲೋವ್ಯಾಟ್ ಆಗುತ್ತದೆ. ಮುಖ್ಯ ಪ್ಯಾನಲ್‌ನಿಂದ ಮೂರನೇ ಮಹಡಿಗೆ ಕರೆಂಟ್ ಒಯ್ಯುವ ಫೀಡರ್ ಈಗ ಮೂರೂವರೆ ಕೋರ್ (ಮೂರು ಫೇಸ್ ತಂತಿ, ಜೊತೆಗೆ ಸಣ್ಣದೊಂದು ನ್ಯೂಟ್ರಲ್ ತಂತಿ), 35 ಚದರ ಮಿ.ಮೀ. ಅಲ್ಯೂಮಿನಿಯಂ ಪಿವಿಸಿ ಆರ್ಮರ್ಡ್ ಕೇಬಲ್. ಉದ್ದ 45 ಮೀಟರ್, ಮುಖ್ಯ ಪ್ಯಾನಲ್‌ನಲ್ಲಿ 100 ಆಂಪಿಯರ್ ಎಂಸಿಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಬ್ರೇಕರ್). ಅಲ್ಲಿನ ಕಚೇರಿಗಳ ಲೋಡ್ ಕ್ಲ್ಯಾಂಪ್ ಮೀಟರ್‌ನಲ್ಲಿ 38 ಆಂಪಿಯರ್ ತೋರಿಸಿತು. ಬಿಲ್ಲಿನಲ್ಲಿ ಇಡೀ ಕಟ್ಟಡದ ಗರಿಷ್ಠ ಬೇಡಿಕೆ 78 ಕೆವಿಎ ದಾಟಿಲ್ಲ. ಯಂತ್ರಗಳು ಹಳೆಯವೇ, ಜಾಗ ಮಾತ್ರ ಬದಲು, ಆದ್ದರಿಂದ ಕೇಬಲ್‌ಗೆ ಖರ್ಚು ಬೇಡ ಎನ್ನುವುದು ಮಾಲೀಕರ ವಾದ. ಇದು ಸರಿಯೇ?

ಉತ್ತರ: ವಿದ್ಯುತ್ ಗುತ್ತಿಗೆದಾರ, ಹುಬ್ಬಳ್ಳಿ

ಮಾಲೀಕರ ಮಾತು ಮೀಟರ್‌ನ ಮಟ್ಟಿಗೆ ನಿಜ, ಫೀಡರ್‌ನ ಮಟ್ಟಿಗೆ ಅಲ್ಲ. ಬಿಲ್ಲಿನ ಬೇಡಿಕೆಯು ಎಲ್ಲ ಮಹಡಿಗಳ ಲೋಡ್ ಬೆರೆತ ಮೇಲಿನ ಅಂಕಿ. ಒಂದು ಮಹಡಿಯ ಕೇಬಲ್‌ನಲ್ಲಿ ಎಷ್ಟು ಹರಿಯುತ್ತದೆಂಬುದನ್ನು ಅದು ಹೇಳುವುದಿಲ್ಲ. 415 ವೋಲ್ಟ್, 0.85 ಪವರ್ ಫ್ಯಾಕ್ಟರ್ ಹಿಡಿದರೆ 28 ಕಿಲೋವ್ಯಾಟ್‌ಗೆ ಸುಮಾರು 46 ಆಂಪಿಯರ್ ಬರುತ್ತದೆ. 38 ಕೂಡಿಸಿದರೆ 84. ಆದರೂ ನಾಮಫಲಕದ ಅಂಕಿಗಳನ್ನು ಕೂಡಿಸಿ ನಿಲ್ಲಬೇಡಿ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಜನ ಬರುವುದು ಬೆಳಿಗ್ಗೆ, ಕಚೇರಿಯ ಎ.ಸಿ.ಗಳು ದುಡಿಯುವುದು ಮಧ್ಯಾಹ್ನ. ಎರಡರ ಏರುಹೊತ್ತು ಒಂದೇ ಅಲ್ಲದಿರಬಹುದು. ಎರಡೂ ಫೀಡರ್‌ಗಳಿಗೆ ಒಂದು ವಾರ ಲಾಗರ್ (ಹರಿಯುವ ಕರೆಂಟನ್ನು ಹೊತ್ತುಹೊತ್ತಿಗೆ ದಾಖಲಿಸುವ ಉಪಕರಣ) ಕಟ್ಟಿ ನೋಡಿ, ಸಾಧ್ಯವಾದರೆ ಏಪ್ರಿಲ್ ಬಿಸಿಲಿನಲ್ಲಿ.

ಉತ್ತರ: ನಿವೃತ್ತ ಎಂಜಿನಿಯರ್, ಬೆಂಗಳೂರು

ಲಾಗರ್‌ಗೆ ನನ್ನ ಆಕ್ಷೇಪವಿಲ್ಲ, ಆದರೆ ಅದಕ್ಕಿಂತ ಮೊದಲು ನೋಡಬೇಕಾದ ದೋಷವೊಂದು ಪ್ರಶ್ನೆಯಲ್ಲೇ ಇದೆ. 35 ಚದರ ಮಿ.ಮೀ. ಅಲ್ಯೂಮಿನಿಯಂ ಪಿವಿಸಿ ಕೇಬಲ್‌ಗೆ, ಗಾಳಿಯಲ್ಲಿ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೇಬಲ್ ಪಟ್ಟಿಯಲ್ಲಿ ಕೊಟ್ಟಿರುವ ಸಾಮರ್ಥ್ಯ ಸುಮಾರು 86 ಆಂಪಿಯರ್. ಡಕ್ಟ್‌ನಲ್ಲಿ ಎರಡು-ಮೂರು ಕೇಬಲ್‌ಗಳು ಮೈಗೆ ಮೈ ತಾಗಿಸಿಕೊಂಡು ಹೋಗಿದ್ದರೆ ಅದನ್ನು 0.8ರಿಂದ ಗುಣಿಸಿ ಇಳಿಸಬೇಕಾಗುತ್ತದೆ, ಆಗ ಉಳಿಯುವುದು 69. ಅಂದರೆ 100 ಆಂಪಿಯರ್ ಎಂಸಿಸಿಬಿ ಈಗಲೂ ಆ ಕೇಬಲನ್ನು ಕಾಯುತ್ತಿಲ್ಲ. ಲೋಡ್ ಕಡಿಮೆ ಇರುವುದರಿಂದ ಬಚಾವಾಗಿದೆ, ಅಷ್ಟೆ. ಎಂಸಿಸಿಬಿಯ ಮುಖದ ಮೇಲಿನ ಓವರ್‌ಲೋಡ್ ಡಯಲ್ ಎಲ್ಲಿಗೆ ನಿಂತಿದೆ, ನೋಡಿ ತಿಳಿಸಿ.

ವೋಲ್ಟೇಜ್ ಕುಸಿತ ಇಲ್ಲಿ ತೊಡಕಲ್ಲ. 84 ಆಂಪಿಯರ್‌ಗೆ 45 ಮೀಟರ್‌ನಲ್ಲಿ ಸುಮಾರು 6 ವೋಲ್ಟ್, ಅಂದರೆ ಶೇ 1.5. ನನಗೆ ಹೆಚ್ಚು ಚಿಂತೆ ನ್ಯೂಟ್ರಲ್‌ನದು. ಮೂರೂವರೆ ಕೋರ್ ಕೇಬಲ್‌ನ ಆ ಅರ್ಧ ಕೋರ್ 16 ಚದರ ಮಿ.ಮೀ. ಮಾತ್ರ, ಕಂಪ್ಯೂಟರ್, ಯುಪಿಎಸ್‌ನಂಥ ಲೋಡ್‌ಗಳ ಮೂರನೇ ಹಾರ್ಮೋನಿಕ್ (ಮೂಲ ಆವರ್ತನದ ಮೂರು ಪಟ್ಟು ಆವರ್ತನದ ಕರೆಂಟ್) ಮೂರು ಫೇಸ್‌ಗಳಿಂದಲೂ ಬಂದು ನ್ಯೂಟ್ರಲ್‌ನಲ್ಲಿ ಒಂದನ್ನೊಂದು ರದ್ದು ಮಾಡದೆ ಕೂಡಿಕೊಳ್ಳುತ್ತದೆ.

ಪ್ರಶ್ನಿಸಿದವರಿಂದ

ಡಯಲ್ 1.0ಕ್ಕೆ, ಅಂದರೆ ಪೂರ್ಣ 100 ಆಂಪಿಯರ್‌ಗೆ ನಿಂತಿತ್ತು. ಡಕ್ಟ್‌ನ ಮುಚ್ಚಳ ತೆಗೆದಾಗ ಒಂಬತ್ತು ಕೇಬಲ್‌ಗಳು ಒಂದೇ ಕಟ್ಟಿನಲ್ಲಿದ್ದವು. ನ್ಯೂಟ್ರಲ್ ಲಗ್‌ನ ಬಳಿ ಇನ್ಸುಲೇಷನ್ ಕಂದಿತ್ತು. ಫೋಟೊ ಕಂಡ ಮೇಲೆ ಮಾಲೀಕರು ಒಪ್ಪಿದರು. ನಾಲ್ಕು ಕೋರ್, 70 ಚದರ ಮಿ.ಮೀ. ಎಂದು ಆಲೋಚಿಸಿದ್ದೇವೆ.

ಉತ್ತರ: ನಿವೃತ್ತ ಎಂಜಿನಿಯರ್, ಬೆಂಗಳೂರು

ಸರಿ. ಪಿವಿಸಿಯಾದರೆ ಪಟ್ಟಿಯಲ್ಲಿ 130 ಆಂಪಿಯರ್, ಅದೇ 0.8 ಹಿಡಿದರೆ 104. 125ರ ಎಂಸಿಸಿಬಿಯನ್ನು 0.8ಕ್ಕೆ ಇಟ್ಟರೆ 100ಕ್ಕೆ ಕಾವಲಾಗುತ್ತದೆ. ಆದರೆ ಒಂಬತ್ತರ ಕಟ್ಟಿಗೇ ಸೇರಿಸಿದರೆ ಈ ಲೆಕ್ಕ ನಿಲ್ಲುವುದಿಲ್ಲ, ಏಕೆಂದರೆ ಅಲ್ಲಿ ಗುಣಿಸಬೇಕಾದ ಅಂಕಿ 0.8ಕ್ಕಿಂತಲೂ ಕಡಿಮೆ, ಪ್ರತ್ಯೇಕ ಟ್ರೇಯಲ್ಲಿ ಅಂತರ ಬಿಟ್ಟು ಎಳೆಸಿ. ಹಳೆಯದಕ್ಕೆ ಜಾಯಿಂಟ್ ಹಾಕುವ ಯೋಚನೆ ಬೇಡ. ಪ್ರಯೋಗಾಲಯ ತೆರವಾದ ಮೇಲೆ ನೆಲಮಹಡಿಯ ಕೇಬಲನ್ನು ತುದಿಗೆ ಟೇಪ್ ಸುತ್ತಿ ಹಾಗೇ ಬಿಟ್ಟಿರಬೇಡಿ, ಪ್ಯಾನಲ್‌ನಿಂದಲೇ ಬಿಚ್ಚಿಸಿ.