ಹಳೆ ವಿದ್ಯಾರ್ಥಿಗಳ ಕೂಟಕ್ಕೆ ಶಾಲೆಯ ಪದ್ಯಗಳು: ಮರೆತ ಸಾಲು ಬಾಯಿಗೆ ಬರಬೇಕಾದರೆ?

ಗುಡ್ಡೆಮೂಲೆ:
ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಶಾಲೆಯೊಂದರ ಹಳೆ ವಿದ್ಯಾರ್ಥಿಗಳ ಕೂಟದಲ್ಲಿ ಹಾಡಿಗೆ ಅರ್ಧ ಗಂಟೆ ಸಿಕ್ಕಿದೆ. 60 ಜನ, ವಯಸ್ಸು 35ರಿಂದ 75. ಯಾರನ್ನು ಕೇಳಿದರೂ ಎರಡು ಸಾಲು ಹೇಳಿ ನಿಲ್ಲುತ್ತಾರೆ. ಯಾವ ಹಾಡು ಆರಿಸೋಣ, ಮುಂದಿನ ಸಾಲು ಹೊರಡಿಸುವುದು ಹೇಗೆ?

ಪೆರ್ಲದವ:
ಜೋಗುಳ ಬೇಡ. ನಮ್ಮಲ್ಲಿ ಒಂದೇ ಬೆಂಚಿನಲ್ಲಿ ತುಳು, ಹವ್ಯಕ, ಕೊಂಕಣಿ, ಮಲಯಾಳ, ಮರಾಠಿ ಮನೆಮಾತಿನ ಮಕ್ಕಳು ಕೂತವರು. ತೊಟ್ಟಿಲ ಹಾಡು ಮನೆಮನೆಗೆ ಬೇರೆ. ಎಲ್ಲರ ಬಾಯಲ್ಲೂ ಒಂದೇ ಆಗಿ ಕೂತಿರುವುದು ಕ್ಲಾಸಿನಲ್ಲಿ ಒಟ್ಟಿಗೆ ಕೂಗಿ ಹೇಳಿದ ಪದ್ಯ. ಪಾಠಪುಸ್ತಕಗಳು ಬದಲಾಗುತ್ತ ಬಂದಿವೆ, ಹಾಗಾಗಿ 70 ದಾಟಿದವರಿಗೂ 40ರವರಿಗೂ ಗೊತ್ತಿರುವುದನ್ನು ಮೊದಲೇ ವಿಚಾರಿಸಿ. ಅರ್ಧ ಗಂಟೆಗೆ ನಾಲ್ಕು ಪದ್ಯ ಧಾರಾಳ.

ಮಾತ್ರೆಗಣ:
ಪಂಜೆ ಮಂಗೇಶರಾಯರ (1874–1937) ನಾಗರಹಾವಿನ ಪದ್ಯ ತೆಗೆದುಕೊಳ್ಳಿ, ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. 'ನಾಗರ-ಹಾವೇ-ಹಾವೊಳು-ಹೂವೇ': ನಾಲ್ಕು ನಾಲ್ಕು ಮಾತ್ರೆಯ ನಾಲ್ಕು ಗಣ. ನಾಗರ, ಬಾಗಿಲ, ಕೈಗಳ ಎಂದು ಮೂರು ಸಾಲಿನಲ್ಲೂ ಎರಡನೇ ಅಕ್ಷರ ಗಕಾರವೇ. ಮೂರನೆಯ ಸಾಲು ಮರೆತವರಿಗೆ ಅರ್ಥ ವಿವರಿಸಿದರೆ ಏನೂ ಬರುವುದಿಲ್ಲ. ಕೈತಾಳ ನಿಲ್ಲಿಸದೆ 'ಕೈ…' ಎಂದು ಒಂದಕ್ಷರ ಕೊಡಿ, ಉಳಿದದ್ದು ತಾನೇ ಹೊರಡುತ್ತದೆ. ಲಯ ಜಾಗ ಹಿಡಿದಿಟ್ಟಿರುತ್ತದೆ, ಪ್ರಾಸ ಅಲ್ಲಿಗೆ ಹೊಂದುವ ಪದಗಳನ್ನು ಬೆರಳೆಣಿಕೆಗೆ ಇಳಿಸುತ್ತದೆ. ನುಡಿಗಳ (ಪದ್ಯದ ಚರಣಗಳ) ಕೊನೆಯೂ ಗುರುತೇ: ಮೊದಲನೆಯದು 'ಬಾ ಬಾ', ಕೊನೆಯದು 'ಪೋ ಪೋ'.

ಸಿಕ್ಕಿಬಿದ್ದಲ್ಲಿಂದ ಮುಂದುವರಿಸಲು ಹೇಳಬೇಡಿ. ಬಾಯಿಪಾಠ ಸಾಲಿಗೆ ಸಾಲು ಕೊಂಡಿ ಹಾಕಿಕೊಂಡು ಕೂತಿರುತ್ತದೆ; ನುಡಿಯ ಮೊದಲಿನಿಂದ ಎತ್ತಿಕೊಂಡರೇ ಸರಾಗ.

ಶ್ರುತಿಪೆಟ್ಟಿಗೆ:
ಇನ್ನೆರಡು ಕಡೆ ಕೆಡುತ್ತದೆ. ಪೂರ್ತಿ ಪದ್ಯ ಅಚ್ಚು ಹಾಕಿ ಹಂಚಿದರೆ ಎಲ್ಲರೂ ತಲೆ ತಗ್ಗಿಸಿ ಓದುತ್ತಾರೆ, ಹಾಡು ಸಪ್ಪೆಯಾಗುತ್ತದೆ. ಚೀಟಿಯಲ್ಲಿ ಪ್ರತಿ ನುಡಿಯ ಮೊದಲ ಪದ ಮಾತ್ರ ಸಾಕು. ಎರಡನೆಯದು ಶ್ರುತಿ. ಮಕ್ಕಳಾಗಿದ್ದಾಗಿನ ಎತ್ತರಕ್ಕೆ ಈಗ ಸ್ವರ ಸಿಗದು. ಮೇಲಿನ ಸಾಲಿಗೆ ಬರುವಾಗ ಅರ್ಧ ಜನ ಬಾಯಿ ಮುಚ್ಚುತ್ತಾರೆ. ಹಾಡಿನ ಅತಿ ಎತ್ತರದ ಸಾಲನ್ನು ಹಿರಿಯರೊಬ್ಬರಿಂದ ಮೊದಲು ಹೇಳಿಸಿ, ಅವರಿಗೆ ಸಲೀಸಾದ ಶ್ರುತಿಯನ್ನೇ ಇಟ್ಟುಕೊಳ್ಳಿ.

ಗುಡ್ಡೆಮೂಲೆ:
ಅದೇ ಸಾಲಿಗೆ ಒಬ್ಬರದ್ದು ಒಂದು ಪಾಠ (ಪದಗಳ ರೂಪ), ಇನ್ನೊಬ್ಬರದ್ದು ಇನ್ನೊಂದು ಎಂದು ಚರ್ಚೆ ಎದ್ದರೆ?

ಮಾತ್ರೆಗಣ:
ಹಾಡುವಾಗ ತಿದ್ದಲೇಬೇಡಿ. ಒಮ್ಮೆ ತಿದ್ದಿದರೆ ಹಿರಿಯರು ಮತ್ತೆ ಬಾಯಿ ಬಿಡುವುದಿಲ್ಲ, ಅದು ದೊಡ್ಡ ನಷ್ಟ. ಎರಡನ್ನೂ ಹಾಡಿಸಿ, ಯಾವ ವರ್ಷದ ಬ್ಯಾಚು ಎಂದು ಬಾಯಲ್ಲೇ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಕರೆ ಬರದಂತೆ ಏರೋಪ್ಲೇನ್ ಮೋಡ್ ಹಾಕಿ, ಮೇಜಿನ ಸದ್ದು ತಾಗದಂತೆ ಮಡಚಿದ ಬೈರಾಸಿನ (ಟವೆಲಿನ) ಮೇಲಿಡಿ, ಫ್ಯಾನಿನ ನೇರ ಕೆಳಗೆ ಬೇಡ. ಪುಸ್ತಕದ ಪಾಠ ಯಾವುದೆಂದು ಆಮೇಲೆ ನೋಡಿದರಾಯಿತು.