ಲಾರಿಗೆ ಯಾವ ಜಿಪಿಎಸ್ ತಗೊಳ್ಳಲಿ?

ದಾವಣಗೆರೆ ಲಾರಿ: ಮಂಗಳೂರಿಗೆ ಮೆಕ್ಕೆಜೋಳ ಹೊಡೆಯುತ್ತೇನೆ, ಹತ್ತು ಚಕ್ರದ ಗಾಡಿ. ಹೋದ ವಾರ ಫೋನಿನ ಮ್ಯಾಪ್ ನಂಬಿ ತೀರ್ಥಹಳ್ಳಿ ದಾಟಿದೆ. ಮುಂದೆ ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು, ಭಾರಿ ವಾಹನ ಬಿಡುವುದಿಲ್ಲ. ಲೋಡ್ ಸಮೇತ ಗಾಡಿ ತಿರುಗಿಸುವಾಗ ಕೈ ನಡುಗಿತು. ಲಾರಿಗೇ ಅಂತ ಇರುವ ಜಿಪಿಎಸ್ ತಗೊಳ್ಳಲಾ?

ಚಿತ್ರದುರ್ಗದವನು: ಅಣ್ಣ, ಗಾಡಿಯ ಎತ್ತರ, ತೂಕ ಹಾಕೋಕೆ ಬರುತ್ತಾ ನೋಡಿ. ಅಂಗಡಿಯಲ್ಲೇ ಮಂಗಳೂರು ದಾರಿ ಹಾಕಿಸಿ. ಆಗುಂಬೆ ತೋರಿಸಿದರೆ ಬೇಡವೇ ಬೇಡ.

ಹಳೇ ಡ್ರೈವರ್: ಲಾರಿಯದು 24 ವೋಲ್ಟ್, ಅಲ್ವಾ? ಚಾರ್ಜರ್ ಮೇಲೆ 12-24 ಅಂತ ಇರಲೇಬೇಕು. ಕಾರಿನ ಚಾರ್ಜರ್ ಹಾಕಿ ನಾನು ಒಂದು ಸುಟ್ಟುಕೊಂಡೆ. ಮ್ಯಾಪ್ ಒಳಗೇ ತುಂಬಿದ್ದರೆ ಘಾಟಿಯಲ್ಲಿ ನೆಟ್‌ವರ್ಕ್ ಹೋದರೂ ದಾರಿ ತೋರಿಸುತ್ತದೆ.

ದಾವಣಗೆರೆ ಲಾರಿ: ಚಾರ್ಜರ್ ವಿಷಯ ಗೊತ್ತೇ ಇರಲಿಲ್ಲ ಅಣ್ಣ. ನಾಳೆಯೇ ಅಂಗಡಿಗೆ ಹೋಗಿ ನೋಡುತ್ತೇನೆ.